ದಾನಮ್ಮ ಓಟು ಹಾಕಿದ ವರ್ಷ

ಕಳೆದ ತಿಂಗಳು ಕಡೂರಿನ ಬಟ್ಟೆ ಅಂಗಡಿಯೊಂದರಲ್ಲಿ ಮೊಮ್ಮಗಳ ಲಂಗಕ್ಕೆ ಬಟ್ಟೆ ನೋಡುತ್ತಾ ಕೂತಿದ್ದೆ. ಅಂಗಡಿಯ ಆಳುಗಳು ಒಳಗಿನಿಂದ ದೊಡ್ಡದೊಂದು ಗಂಟು ಎಳೆದು ತಂದು ನನ್ನ ಪಕ್ಕದಲ್ಲೇ ಬಿಚ್ಚಿದರು. ಎಲ್ಲ ಒಂದೇ ಬಣ್ಣದ, ಒಂದೇ ಅಂಚಿನ ಸೀರೆಗಳು. ಹೊಸ ಬಟ್ಟೆಯ ಗಂಜಿ ವಾಸನೆ ಮೂಗಿಗೆ ಹೊಡೆಯಿತು. “ಇಷ್ಟೊಂದು ಸೀರೆ ಯಾರಿಗಪ್ಪಾ?” ಎಂದು ಕೇಳಿದೆ. ಅಂಗಡಿಯವನು ನಕ್ಕು, “ಎಲೆಕ್ಷನ್ ಬಂತಲ್ಲಮ್ಮಾ” ಎಂದ. ನಾನು ಲಂಗದ ಬಟ್ಟೆ ಕೊಳ್ಳದೆ ಎದ್ದು ಬಂದೆ. ಬಸ್ಸಿನಲ್ಲಿ ಕೂತ ಮೇಲೂ ಆ ವಾಸನೆ ಬಿಡಲಿಲ್ಲ.

ಅದೇ ವಾರ ನಮ್ಮ ಸಭೆಯ ಯುವಕರು ಮನೆಗೆ ಬಂದಿದ್ದರು. ಕ್ರೈಸ್ತರಾದವರು ಹೇಗೆ ಮತ ಹಾಕಬೇಕು ಎನ್ನುವುದರ ಮೇಲೆ ಭಾನುವಾರ ಹತ್ತು ನಿಮಿಷ ಮಾತಾಡಿ ಟೀಚರ್, ಎಂದರು. ಹತ್ತು ನಿಮಿಷದಲ್ಲಿ ಮುಗಿಯುವ ಉತ್ತರ ಯಾರ ಹತ್ತಿರ ಇದೆಯೋ ಅವರನ್ನೇ ಕರೆಯಿರಿ ಎಂದು ಕಳಿಸಿಬಿಟ್ಟೆ. ಪಾಪ, ಮುಖ ಸಣ್ಣದು ಮಾಡಿಕೊಂಡು ಹೋದರು. ನನ್ನ ಬಾಯಿ ಮೊದಲಿನಿಂದಲೂ ಹೀಗೆಯೇ. ಆದರೆ ಆ ಪ್ರಶ್ನೆ ಕೇಳಿದಾಗಲೆಲ್ಲ ನನ್ನ ಕಣ್ಣಿಗೆ ಬರುವುದು ಯಾವ ಉಪದೇಶವೂ ಅಲ್ಲ, ಅಜ್ಜಂಪುರದ ಒಂದು ಕೇರಿ, ಮತ್ತು ದಾನಮ್ಮ.

ದೇಶದ ಎರಡನೆಯ ಮಹಾಚುನಾವಣೆಯ ವರ್ಷ ಅದು. ನಾನು ತರೀಕೆರೆಯ ಹುಡುಗಿ. ಟ್ರೈನಿಂಗ್ ಮುಗಿಸಿ ಅಜ್ಜಂಪುರದ ಮಿಶನ್ ಶಾಲೆಗೆ ಟೀಚರಾಗಿ ಹೋಗಿದ್ದೆ. ಅದು ನನ್ನ ಮೊದಲ ಕೆಲಸ. ತರೀಕೆರೆಯಲ್ಲಿ ಯಾವ ಕಡೆ ತಿರುಗಿದರೂ ಒಂದು ಬೆಟ್ಟ ಕಾಣುತ್ತದೆ, ಒಂದಿಷ್ಟು ಹಸಿರು ಕಾಣುತ್ತದೆ. ಇಲ್ಲಿ ಬಿರುಕು ಬಿಟ್ಟ ಕರಿಮಣ್ಣು, ಕಿತ್ತು ರಾಶಿ ಹಾಕಿದ ಈರುಳ್ಳಿ, ಒಣಗಲು ಹರಡಿದ ಮೆಣಸಿನಕಾಯಿಯ ಘಾಟು. ಮಾಘ ಕಳೆಯುವ ಮೊದಲೇ ಬಿಸಿಲು ನೆತ್ತಿ ಸುಡುತ್ತಿತ್ತು. ಹೋದ ಮೊದಲ ವಾರವೇ ವಾಪಸು ಓಡಿಹೋಗಬೇಕೆನ್ನಿಸಿತ್ತು.

ಊರ ಹೊರಗಿನ ಕೇರಿಯ ಅಂಚಿಗೆ ಶಾಲೆ, ಅದಕ್ಕೆ ಅಂಟಿಕೊಂಡಂತೆ ಹೆಂಚಿನ ಸಣ್ಣ ದೇವಾಲಯ. ಕೇರಿಯವರೆಲ್ಲ ಅಜ್ಜಂದಿರ ಕಾಲದಲ್ಲೇ ಕ್ರೈಸ್ತರಾದವರು. ದೇವರು ಬದಲಾಗಿದ್ದ, ಕೂಲಿ ಬದಲಾಗಿರಲಿಲ್ಲ. ಎಲ್ಲರೂ ಊರಿನ ಪಟೇಲರ ಹೊಲದಲ್ಲೋ, ಅವರ ನೆಂಟರ ಹೊಲದಲ್ಲೋ ದುಡಿಯುವವರು. ಅವರದು ಅಂತ ಇದ್ದ ನೆಲ ಒಂದೇ, ಹಳ್ಳದ ಆಚೆ ಯಾರೂ ಉಳದ ಖರಾಬಿನಲ್ಲಿ ಸತ್ತವರನ್ನು ಮಣ್ಣು ಮಾಡುವ ಜಾಗ. ಅಲ್ಲಿಗೆ ಹೋಗುವ ಕಾಲುದಾರಿ ಪಟೇಲರ ಹೊಲದ ನಡುವೆ ಹಾದುಹೋಗುತ್ತಿತ್ತು. ಈ ಬೇಸಿಗೆಗೆ ಹೊಲಕ್ಕೆ ಬೇಲಿ ಕಟ್ಟಿಸುತ್ತೇನೆ ಎಂದು ಪಟೇಲರು ಆ ವರ್ಷ ಅಲ್ಲಲ್ಲಿ ಹೇಳುತ್ತಿದ್ದರು. ಚುನಾವಣೆ ಹತ್ತಿರವಿರುವಾಗ ಆ ಮಾತು ಯಾರ ಕಿವಿಗೆ ಅಂತ ಎಲ್ಲರಿಗೂ ಗೊತ್ತಿತ್ತು.

ದಾನಮ್ಮ ಶಾಲೆಯ ಅಂಗಳ ಗುಡಿಸಿ ನೀರು ತುಂಬಿಸುತ್ತಿದ್ದಳು. ಮೂವತ್ತು ದಾಟಿದ್ದಿರಬಹುದು, ಎಲುಬು ಬಿಟ್ಟರೆ ಮೈಯಲ್ಲಿ ಏನೂ ಇರಲಿಲ್ಲ, ಆದರೆ ನಾಲಗೆ ಗಟ್ಟಿ. ನಾನು ಬಂದ ದಿನವೇ ನನ್ನ ಚಪ್ಪಲಿ ನೋಡಿ, “ಈ ಚಪ್ಲೀಲಿ ನಮ್ಮೂರ ಮಣ್ಣಲ್ಲಿ ಎರಡ್ ದಿನ ನಡೀರಿ ಟೀಚರಮ್ಮ, ಆಮೇಲೆ ಕೈಯಲ್ಲಿ ಹಿಡ್ಕಂಡು ಬತ್ತೀರ” ಎಂದಿದ್ದಳು. ಹಾಗೆಯೇ ಆಯಿತು. ಅವಳ ಗಂಡ ಯಾಕೋಬ ಕೆಮ್ಮಣ್ಣುಗುಂಡಿಯಲ್ಲಿ ಅದಿರು ಅಗೆಯುವ ಕೆಲಸಕ್ಕೆ ಹೋಗಿ ಎದೆ ತುಂಬ ಕೆಮ್ಮು ತುಂಬಿಕೊಂಡು ಬಂದಿದ್ದ. ಡಾಕ್ಟರು ಕೈಬಿಟ್ಟಾಗಿತ್ತು. ಅವರ ಒಬ್ಬಳೇ ಮಗಳು ಜ್ವರದಲ್ಲಿ ತೀರಿಕೊಂಡು ಆ ಖರಾಬಿನಲ್ಲಿ ಮಲಗಿದ್ದಳು. ಯಾಕೋಬ ಹೆಂಡತಿಯನ್ನು ಕೇಳಿಕೊಂಡಿದ್ದು ಒಂದೇ ಮಾತು: “ನನ್ನೂ ಮಗೀನ ಪಕ್ಕಕ್ಕೇ ಇಡು.” ದಾನಮ್ಮ ಹೂಂ ಎಂದಿದ್ದಳು. ಆ ಬೇಸಿಗೆಯಲ್ಲಿ ಅವಳಿಗೆ ಬೇರೆ ಆಸೆ ಅಂತ ಏನೂ ಇರಲಿಲ್ಲ.

ನಮ್ಮ ಸಭಾಪಾಲಕರನ್ನು ಎಲ್ಲರೂ ಅಯ್ಯನವರು ಎನ್ನುತ್ತಿದ್ದರು. ಸಮುವೇಲಪ್ಪ ಅಂತ ಹೆಸರು. ತುಂಬ ಒಳ್ಳೆಯವರು, ಅಷ್ಟೇ ಗಡಸು. ಅವರ ತಂದೆ ಒಬ್ಬ ಸಾಹುಕಾರರ ಮನೆಯಲ್ಲಿ ಜೀತಕ್ಕಿದ್ದವರು. ಮೊದಲ ಚುನಾವಣೆಯಲ್ಲಿ ಕೇರಿಯ ಎಷ್ಟೋ ಹೆಂಗಸರಿಗೆ ಓಟೇ ಇರಲಿಲ್ಲವಂತೆ. ಹೆಸರು ಬರೆದುಕೊಳ್ಳಲು ಬಂದವರ ಮುಂದೆ ಒಬ್ಬಳು ಯಾಕೋಬನ ಹೆಂಡತಿ, ಇನ್ನೊಬ್ಬಳು ಯೋಸೇಫಪ್ಪನ ಸೊಸೆ ಎಂದು ಹೇಳಿ ಬಾಗಿಲ ಹಿಂದೆ ಸರಿದಿದ್ದರು. ಅಂಥ ಹೆಸರುಗಳನ್ನೆಲ್ಲ ಮೇಲಿನವರು ಪಟ್ಟಿಯಿಂದ ಹೊಡೆದುಹಾಕಿದ್ದರು. ಈ ಸಲ ಅಯ್ಯನವರು ಮನೆಮನೆಗೆ ಹೋಗಿ ಕೂತು, “ದೇವರಿಗೆ ನಿನ್ನ ಹೆಸರು ಗೊತ್ತು, ಸರ್ಕಾರಕ್ಕೂ ಗೊತ್ತಾಗ್ಲಿ, ಬಾಯಿಬಿಟ್ಟು ಹೇಳಮ್ಮ” ಎಂದು ಹೇಳಿಸಿ ಬರೆಸಿದ್ದರು. ದಾನಮ್ಮನಿಗೆ ಓಟು ಸಿಕ್ಕಿದ್ದು ಹೀಗೆ, ಅವರಿಂದಲೇ.

ಜನವರಿ ಕಳೆಯುತ್ತಲೇ ಪಟೇಲರ ಆಳು ರುದ್ರ ಗಾಡಿಯಲ್ಲಿ ಸೀರೆ ಹೇರಿಕೊಂಡು ಕೇರಿಗೆ ಬಂದ. ಬದನೆಕಾಯಿ ಬಣ್ಣ, ಹಳದಿ ಅಂಚು, ಮನೆಗೊಂದು. ಪಟೇಲರು ಬೆಂಬಲಿಸಿದ ಅಭ್ಯರ್ಥಿಯ ಪೆಟ್ಟಿಗೆ ತುಂಬಿದರೆ ಬೇಲಿಯ ಮಾತಿಲ್ಲ, ದಾರಿ ಇದ್ದ ಹಾಗೇ ಇರುತ್ತದೆ ಎಂದ. ಬೇಡವೆನ್ನುವ ಧೈರ್ಯ ಯಾರಿಗಿತ್ತು? ಎಲ್ಲರೂ ತೆಗೆದುಕೊಂಡರು. ದಾನಮ್ಮ ಮಾತ್ರ ಸೀರೆ ಕೈಗೆ ಬರುವ ಮೊದಲು ಕೇಳಿದಳಂತೆ, “ನನ್ನ ಗಂಡ ಹೋದಾಗ ದಾರಿ ಬಿಡ್ತೀರೇನಪ್ಪಾ? ಬಿಡ್ತೀವಿ ಅನ್ನು, ನಾನೂ ಹಾಕ್ತೀನಿ ಅಂತೀನಿ.” ಅವನು ಪಟೇಲರನ್ನು ಕೇಳಿಕೊಂಡು ಬಂದು ಹೂಂ ಎಂದ. ಇವಳೂ ಹೂಂ ಎಂದಳು.

ಅಯ್ಯನವರಿಗೆ ವಿಷಯ ಮುಟ್ಟಿತು. ಮುಂದಿನ ಭಾನುವಾರ ಅವರು ಮಾತಾಡಿದ್ದು ನನಗೆ ಈಗಲೂ ಕಿವಿಯಲ್ಲಿದೆ. ಎದುರು ನಿಂತಿದ್ದ ತರೀಕೆರೆಯ ವಕೀಲರಿಗೇ ಹಾಕಿ ಎಂದು ಅವರು ಒಂದು ಸಲವೂ ಹೇಳಲಿಲ್ಲ. ಯಾರಿಗೆ ಬೇಕಾದರೂ ಹಾಕಿ, ಆದರೆ ದೇವರ ಮುಂದೆ ನಿಂತು ಯೋಚಿಸಿ ಹಾಕಿ, ಅದು ದೇವರು ನಮ್ಮ ಕೈಗೆ ಒಪ್ಪಿಸಿದ್ದು, ಮಾರುವುದಕ್ಕೆ ನಮ್ಮದಲ್ಲ ಎಂದರು. ಸೀರೆಯನ್ನು ಹಿಂದಿರುಗಿಸಿದರೆ ಕೊಟ್ಟ ಮಾತೂ ಹಿಂದಿರುಗಿದಂತೆ ಎಂದರು. ಪಟೇಲರ ಮನೆಗೆ ಹೋಗಿ ಹಿಂದಿರುಗಿಸುವವರು ಯಾರು? ಅದಕ್ಕೆ ಅಯ್ಯನವರೇ ದಾರಿ ಹುಡುಕಿದರು. ಸುಗ್ಗಿ ಹಬ್ಬದ ಆರಾಧನೆಗೆ ಸೀರೆಗಳನ್ನು ತಂದು ದೇವರ ಮುಂದಿಡಿ, ನಾನೇ ತೆಗೆದುಕೊಂಡು ಹೋಗಿ ಪಟೇಲರಿಗೆ ಒಪ್ಪಿಸುತ್ತೇನೆ ಎಂದರು.

ಸುಗ್ಗಿ ಹಬ್ಬ ನಮ್ಮಲ್ಲಿ ದೊಡ್ಡದು. ಕೂಲಿಯವರಾದರೂ ಬರಿಗೈಯಲ್ಲಿ ಬರುವುದಿಲ್ಲ. ಸೇರು ರಾಗಿ, ಒಂದು ಕುಂಬಳಕಾಯಿ, ಒಂದು ಹುಂಜ, ಕೊನೆಗೆ ಒಂದು ಹಿಡಿ ಮೆಣಸಿನಕಾಯಿ, ಏನಾದರೂ ತಂದು ಮುಂದಿಡುತ್ತಾರೆ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಎಲ್ಲವನ್ನೂ ಹರಾಜು ಹಾಕುತ್ತಾರೆ. ಊರಿನವರೂ ಕೂಗಲು ಬರುತ್ತಾರೆ. ಆ ದಿನ ರಾಗಿ ಮೂಟೆಗಳ ಪಕ್ಕದಲ್ಲಿ ಬದನೆಕಾಯಿ ಬಣ್ಣದ ಸೀರೆಗಳ ರಾಶಿ ಎದ್ದಿತು. ಒಬ್ಬೊಬ್ಬಳೇ ಬಂದು ಇಟ್ಟು ಹೋಗುವಾಗ ಅವರ ಮುಖಗಳಲ್ಲಿ ಹೆದರಿಕೆಯೂ ಇತ್ತು, ಏನೋ ಒಂದು ಗತ್ತೂ ಇತ್ತು. ನನಗೆ ಎದೆಯುಬ್ಬಿ ಬಂತು, ಸುಳ್ಳೇಕೆ. ಆಗ ಬಾಗಿಲಲ್ಲಿ ದಾನಮ್ಮ ಕಾಣಿಸಿದಳು. ಅದೇ ಸೀರೆ ಉಟ್ಟಿದ್ದಳು. ಸೆರಗು ತಲೆಯ ಮೇಲೆ ಎಳೆದುಕೊಂಡು ಬಂದು ಎಂದಿನ ಜಾಗದಲ್ಲಿ ಕೂತಳು. ಪಕ್ಕದವಳು ಸರಿದು ಕೂತಳು.

ಎಡವಟ್ಟಾಗಿದ್ದು ಆಮೇಲೆ. ಅಯ್ಯನವರು ನಿಲುವಂಗಿ ತೆಗೆದಿಡಲು ಒಳಗೆ ಹೋಗಿದ್ದರು. ಹರಾಜು ಕೂಗುವವರು ಸಭೆಯ ಹಿರಿಯ ಯೋಸೇಫಪ್ಪ. ದೇವರ ಮುಂದಿಟ್ಟಿದ್ದೆಲ್ಲ ಹರಾಜಿಗೆ ಎನ್ನುವುದು ಅವರಿಗೆ ತಲೆಯಿಂದಲ್ಲ, ಕೈಯಿಂದಲೇ ಗೊತ್ತು. ಹುಂಜ ಆಯಿತು, ಕುಂಬಳಕಾಯಿ ಆಯಿತು, ಕೈ ತಾನಾಗಿ ಸೀರೆಯ ರಾಶಿಗೆ ಹೋಯಿತು. ಮೇಲೆತ್ತಿ, “ಪಟೇಲ್ರ ಸೀರೆ! ಒಂದ್ ಸಲಾನೂ ಉಟ್ಟಿಲ್ಲ! ಯಾರ್ ಕೂಗ್ತೀರ್ರಪ್ಪಾ?” ಎಂದೇಬಿಟ್ಟರು. ಅಂಗಳವೆಲ್ಲ ಗೊಳ್ಳೆಂದಿತು. ಎಮ್ಮೆ ವ್ಯಾಪಾರದವನೊಬ್ಬ ರಾಶಿಯನ್ನೇ ಕೂಗಿದ. ಅಯ್ಯನವರು ಹೊರಗೆ ಓಡಿ ಬರುವಷ್ಟರಲ್ಲಿ ಮೂರು ಸಲ ಕೂಗಿ ಆಗಿತ್ತು. ಮೂರು ಸಲ ಕೂಗಿದ್ದನ್ನು ವಾಪಸು ಪಡೆಯುವ ಪದ್ಧತಿ ಇಲ್ಲ. ವ್ಯಾಪಾರದವನನ್ನು ಅವರು ಎಷ್ಟೋ ಬೇಡಿಕೊಂಡರು, ಅವನು ಕೇಳಲಿಲ್ಲ. ಮುಂದಿನ ಸಂತೆಗೆ ಅವನ ಎಮ್ಮೆಗಳು ಪಟೇಲರ ಸೀರೆ ಹೊದ್ದುಕೊಂಡು ಅಜ್ಜಂಪುರದ ಬೀದಿಯಲ್ಲಿ ಸಾಲಾಗಿ ನಡೆದವು. ಊರಿಗೆ ಊರೇ ನಿಂತು ನಕ್ಕಿತು. ಪಟೇಲರು ಜಗುಲಿಯ ಮೇಲೆ ಕೂತು ನೋಡಿದರಂತೆ.

ನಗುವವರ ಜೊತೆ ನಾನೂ ನಕ್ಕಿದ್ದೆ. ದಾನಮ್ಮ ನಗಲಿಲ್ಲ. “ಅವ್ರ ಮನೇಲಿ ಯಾರೂ ಸಾಯ್ತಾ ಇಲ್ಲ ಟೀಚರಮ್ಮ, ಅದಕ್ಕೇ ನಗು ಬತ್ತೈತೆ” ಎಂದಳು.

ಓಟಿನ ದಿನ ನಮ್ಮ ಶಾಲೆಯೇ ಮತಗಟ್ಟೆ. ಹೆಂಗಸರ ಬೆರಳಿಗೆ ಶಾಯಿ ಹಚ್ಚಲು ನನ್ನನ್ನು ಕೂರಿಸಿದ್ದರು. ಈಗಿನ ಹಾಗೆ ಮುದ್ರೆ ಒತ್ತುವುದಿರಲಿಲ್ಲ. ಪರದೆಯ ಹಿಂದೆ ಅಭ್ಯರ್ಥಿಗೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೊಂದು ಚಿತ್ರ, ಬೇಕಾದ ಪೆಟ್ಟಿಗೆಗೆ ಚೀಟಿ ಹಾಕಿ ಬರಬೇಕು. ಒಳಗೆ ಯಾರು ಎಲ್ಲಿ ಹಾಕಿದರೆಂದು ದೇವರಿಗೇ ಗೊತ್ತು. ಸುಮ್ಮನಿದ್ದಿದ್ದರೆ ದಾನಮ್ಮನದೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವಳು ಆ ಸೀರೆಯನ್ನೇ ಉಟ್ಟು ಬಂದಳು. ಬೆರಳು ಚಾಚಿ, “ಗಟ್ಟಿಯಾಗಿ ಹಚ್ಚಿ” ಎಂದಳು. ಹೊರಗೆ ಬಂದವಳು ಬಾಗಿಲಲ್ಲಿ ನಿಂತಿದ್ದ ರುದ್ರನಿಗೆ ಎಲ್ಲರಿಗೂ ಕೇಳುವಂತೆ ಹೇಳಿದಳು:

“ಹಾಕ್ದೆ ಕಣಪ್ಪಾ, ನಿಮ್ಮ ಪೆಟ್ಟಿಗೇಗೇ. ಆಡಿದ್ ಮಾತು ಆಯ್ತು. ನಿಮ್ಮ ಮಾತು ನಿಮ್ಮ ಯಜಮಾನ್ರಿಗೆ ನೆನಪಿರ್ಲಿ.”

ಪಟೇಲರ ಅಭ್ಯರ್ಥಿ ಗೆದ್ದ. ಬೇಕಾದಷ್ಟು ಅಂತರದಲ್ಲೇ ಗೆದ್ದ. ಕೇರಿಯ ಓಟುಗಳು ಈ ಕಡೆ ಬಿದ್ದರೂ ಆ ಕಡೆ ಬಿದ್ದರೂ ಏನೂ ಆಗುತ್ತಿರಲಿಲ್ಲ. ಗೆದ್ದ ಮೇಲೆ ದೊಡ್ಡ ಮನಸ್ಸು ಮಾಡಬಹುದೆಂದು ನಾವು ಅಂದುಕೊಂಡೆವು. ಎಮ್ಮೆಗಳನ್ನು ನಾವು ಮರೆತಿದ್ದೆವು, ಅವರು ಮರೆತಿರಲಿಲ್ಲ. ಒಂದು ಬೆಳಿಗ್ಗೆ ನೋಡಿದರೆ ಕಾಲುದಾರಿಯ ಬಾಯಿಗೆ ಜಾಲಿಮುಳ್ಳು ಒಟ್ಟಿತ್ತು. ಅಯ್ಯನವರು ತರೀಕೆರೆಗೆ ಹೋಗಿ ತಾಲ್ಲೂಕಿನ ಅಮಲ್ದಾರರನ್ನು ಕಂಡರು. ನಕ್ಷೆಯಲ್ಲಿ ಅಲ್ಲಿ ದಾರಿಯೇ ಇಲ್ಲವಲ್ಲ ಎಂದರಂತೆ ಅಮಲ್ದಾರರು. ಖರಾಬಿಗೆ ಹೋಗಲು ಉಳಿದದ್ದು ಸ್ಟೇಷನ್ನಿನ ಕಡೆಯಿಂದ ರೈಲು ಹಳಿಯ ಗುಂಟ ಹೋಗಿ, ಹಳ್ಳ ಇಳಿದು ಹತ್ತಿ, ಊರನ್ನೇ ಸುತ್ತಿಬರುವ ದಾರಿ.

ತಿಂಗಳಿಗೊಮ್ಮೆ ಕರ್ತನ ಭೋಜನ, ಯೇಸುವಿನ ಕೊನೆಯ ಊಟದ ನೆನಪಿಗೆ. ಪಾಪ ಬಿಡದವರಿಗೆ ಅದಿಲ್ಲ. ಎಲ್ಲರೂ ಮುಂದೆ ಹೋಗಿ ಮೊಣಕಾಲೂರಿ ರೊಟ್ಟಿಯ ತುಣುಕಿಗೆ ಕೈ ಚಾಚುತ್ತೇವೆ. ಆ ಭಾನುವಾರ ಚಾಚಿದ ಕೈಗಳ ಬೆರಳಲ್ಲೆಲ್ಲ ಶಾಯಿಯ ಗುರುತು ಇನ್ನೂ ಹಾಗೇ ಇತ್ತು. ಅಯ್ಯನವರು ತಟ್ಟೆ ಹಿಡಿದು ಒಬ್ಬೊಬ್ಬರಿಗೂ ಕೊಡುತ್ತಾ ಬಂದರು. ದಾನಮ್ಮನ ಮುಂದೆ ಒಂದು ಗಳಿಗೆ ನಿಂತರು. ಆಮೇಲೆ ದಾಟಿ ಮುಂದಿನವಳಿಗೆ ಕೊಟ್ಟರು. ದಾನಮ್ಮನ ಕೈ ಚಾಚಿದ ಹಾಗೇ ಇತ್ತು. ಅವಳು ಅದನ್ನು ಮೆಲ್ಲಗೆ ಮಡಿಲಿಗೆ ಎಳೆದುಕೊಂಡಳು.

ನನಗೆ ತಡೆಯಲಾಗಲಿಲ್ಲ. ಆರಾಧನೆ ಮುಗಿದ ಕೂಡಲೇ ಅಯ್ಯನವರ ಮನೆಗೆ ಹೋದೆ.

“ಅವಳು ಓಟು ಕೊಟ್ಟಿದ್ದು ಸೀರೆಯ ಆಸೆಗಲ್ಲ ಅಯ್ಯನವರೇ. ಗಂಡನನ್ನು ಮಣ್ಣು ಮಾಡುವ ಜಾಗಕ್ಕೆ.”

“ಗೊತ್ತಮ್ಮ.”

“ಗೊತ್ತಿದ್ದೂ ದಾಟಿ ಹೋದಿರಾ?”

“ನಮ್ಮಪ್ಪ ಜೀತದಾಳು. ಒಡೆಯ ಕೈ ಎತ್ತು ಅಂದ್ರೆ ಎತ್ತಿದ, ಇಳಿಸು ಅಂದ್ರೆ ಇಳಿಸಿದ. ಪ್ರತೀ ಸಲಾನೂ ಅವನಿಗೆ ಒಂದು ಕಾರಣ ಇತ್ತು, ಮಗು ಹಸೀತಿದೆ, ಹೆಂಡ್ತಿ ಬಸುರಿ. ಯಾವುದೂ ಸಣ್ಣ ಕಾರಣ ಅಲ್ಲ. ಹೆದರಿ ಕೊಟ್ಟ ಓಟನ್ನ ನಾನು ಸರಿ ಅಂದ್ಬಿಟ್ರೆ, ಸೀರೆ ತಂದಿಟ್ಟ ಆ ಹೆಂಗಸರಿಗೆ ಏನ್ ಹೇಳ್ಲಿ? ನೀವು ದಡ್ಡರು ಅನ್ನಲಾ?”

ನಾನು ಎದ್ದು ಹೊರಗೆ ಬಂದೆ. ಆದರೆ ಅವರ ಮೇಲೆ ಬಂದ ಸಿಟ್ಟು ಹೋಗಲಿಲ್ಲ. ದಾನಮ್ಮನ ಹತ್ತಿರ ಹೋದರೆ ಅವಳದು ಇನ್ನೊಂದು ನ್ಯಾಯ. “ನಿಮ್ಮ ವಕೀಲ್ರು ಗೆದ್ದಿದ್ರೆ ಬೆಂಗ್ಳೂರಿಗೆ ಹೋಯ್ತಿದ್ರು. ಪಟೇಲ್ರ ಹೊಲ ಇಲ್ಲೇ ಇರ್ತಿತ್ತು. ನಾನು ಕದ್ದೆನಾ, ಸುಳ್ಳು ಹೇಳಿದ್ನಾ? ಆಡಿದ್ ಮಾತು ಉಳಿಸ್ಕಂಡೆ. ಮಾತು ಮುರಿದವ್ರಿಗೆಲ್ಲ ಊಟ, ಉಳಿಸ್ಕಂಡವಳಿಗೆ ಉಪವಾಸ. ಇದ್ಯಾವ ನ್ಯಾಯ ಕಣ್ರೀ?” ಎಂದು ಕಸಬರಿಕೆಯಿಂದ ನೆಲವನ್ನು ಬಡಿಯುವ ಹಾಗೆ ಗುಡಿಸಿದಳು. ಅತ್ತಳೋ ಇಲ್ಲವೋ ಮುಖ ತೋರಿಸಲಿಲ್ಲ.

ಯಾಕೋಬನಿಗೆ ಕಷ್ಟವಾಗುತ್ತಿದೆ ಎಂದು ಕೇಳಿ ಅಯ್ಯನವರು ಒಂದು ಮಧ್ಯಾಹ್ನ ಭೋಜನದ ಸಣ್ಣ ಪೆಟ್ಟಿಗೆ ಹಿಡಿದು ಅವನ ಮನೆಗೆ ಬಂದರು. ಹಾಡಲು ಒಂದು ದನಿ ಇರಲೆಂದು ನನ್ನನ್ನೂ ಕರೆದಿದ್ದರು. ಬಗ್ಗಿ ಒಳಗೆ ಹೋದರೆ ಒಲೆಯ ಹೊಗೆ, ಮೂಲೆಯಲ್ಲಿ ಚಾಪೆಯ ಮೇಲೆ ಎದೆಗೂಡು ಮಾತ್ರ ಏಳುತ್ತ ಬೀಳುತ್ತ ಇತ್ತು. ದಾನಮ್ಮ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಪ್ರಾರ್ಥನೆ ಆಯಿತು. ಅಯ್ಯನವರು ರೊಟ್ಟಿಯ ಚೂರನ್ನು ಅವನ ತುಟಿಯ ಹತ್ತಿರ ತಂದರು. ಅವನು ಕಣ್ಣು ಮೇಲೆತ್ತಿ, “ದಾನಿಗೆ?” ಎಂದ.

ಅಯ್ಯನವರ ಕೈ ಅಲ್ಲೇ ನಿಂತಿತು.

“ಅವ್ಳಿಗಿಲ್ದಿದ್ದು ನಂಗೂ ಬ್ಯಾಡ” ಎಂದು ಯಾಕೋಬ ಬಾಯಿ ಮುಚ್ಚಿಕೊಂಡ. ದಾನಮ್ಮ ಬಗ್ಗಿ, “ತಗೋಳೋ, ತಗೋ, ನನ್ನ ಮಾತು ಕೇಳು” ಎಂದು ಮಗುವಿಗೆ ಹೇಳುವಂತೆ ಹೇಳಿದಳು. ಅವನು ಮುಖ ಆ ಕಡೆ ಹೊರಳಿಸಿದ. ಅಯ್ಯನವರು ರೊಟ್ಟಿಯನ್ನು ಪೆಟ್ಟಿಗೆಯಲ್ಲಿ ಇಟ್ಟು ಮುಚ್ಚಿದರು. ಹಾಡಬೇಕಾದ ನಾನು ಹಾಡಲಿಲ್ಲ. ಆ ವಾರ ಕಳೆಯುವುದರೊಳಗೆ ಯಾಕೋಬ ಹೋದ.

ಕೇರಿ ಅವಳನ್ನು ಅಷ್ಟು ದಿನ ಮಾತಾಡಿಸಿರಲಿಲ್ಲ. ಆದರೂ ಸಾವಿಗೆ ಎಲ್ಲರೂ ಬಂದರು. ಗಂಡಸರು ಚಟ್ಟಕ್ಕೆ ಹೆಗಲು ಕೊಟ್ಟರು. ಸುತ್ತುದಾರಿಗೆ ಹೋಗುತ್ತಾ ಮುಳ್ಳಿನ ಬೇಲಿಯ ಹತ್ತಿರ ಬಂದಾಗ ರುದ್ರ ಇನ್ನಿಬ್ಬರು ಆಳುಗಳ ಜೊತೆ ನಿಂತಿದ್ದ. ಮುಳ್ಳನ್ನು ಸ್ವಲ್ಪ ಸರಿಸಿ ಇಟ್ಟಿದ್ದ.

“ದಾನಮ್ಮಂಗೆ ಅಡ್ಡಿ ಇಲ್ಲ ಅಂದವ್ರೆ ಯಜಮಾನ್ರು. ಅವ್ಳು ಮಾತು ಉಳಿಸ್ಕಂಡವ್ಳು. ಹೊರೋದಿಕ್ಕೆ ನಾಕು ಜನ ಬಿಡ್ತೀವಿ. ಮಿಕ್ಕಿದವ್ರು, ಅಯ್ಯನವ್ರೂ ಸೇರಿ, ಈ ಹೊಲಕ್ಕೆ ಕಾಲಿಡಂಗಿಲ್ಲ” ಎಂದ.

ಎಲ್ಲರೂ ದಾನಮ್ಮನ ಮುಖ ನೋಡಿದರು. ಅಲ್ಲಿಂದ ನೋಡಿದರೆ ಹೊಲದಾಚೆ ಖರಾಬಿನ ಮುತ್ತುಗದ ಮರಗಳು ಕಾಣುತ್ತಿದ್ದವು. ಅವಳು ಕೊಟ್ಟದ್ದಕ್ಕೆಲ್ಲ ಸಿಗಬೇಕಾದದ್ದು ಸಿಕ್ಕಿತ್ತು, ಕೂಗಳತೆಯ ದೂರದಲ್ಲಿತ್ತು. ಹೋಗು ದಾನಮ್ಮ, ಎಂದು ನಾನು ಮನಸ್ಸಿನಲ್ಲೇ ಅಂದೆ. ಅಯ್ಯನವರು ಬಾಯಿಬಿಟ್ಟೇ ಹೇಳಿದರು: “ಹೋಗಮ್ಮ. ನಾನು ಸುತ್ತಿ ಬರ್ತೀನಿ.”

ಅವಳು ಚಟ್ಟ ಹೊತ್ತವರನ್ನು ನೋಡಿದಳು, ಹಿಂದೆ ನಿಂತ ಹೆಂಗಸರನ್ನು ನೋಡಿದಳು. “ಅವನ ಹೆಣ ಹೊರೋಕೆ ಇಷ್ಟು ಜನ ಬಂದವ್ರೆ. ಇವ್ರನ್ನ ಬಿಸಿಲಲ್ಲಿ ನಿಲ್ಸಿ ನಾನೊಬ್ಳು ನುಗ್ಗಿ ಹೋಗ್ಲಾ?” ಎಂದಳು. ಆಮೇಲೆ ರುದ್ರನಿಗೆ, “ನಿಮ್ಮ ಮಾತು ನೀವು ಉಳಿಸ್ಕಂಡ್ರಿ ಕಣಪ್ಪಾ. ಅಲ್ಲಿಗೆ ಸರಿಹೋಯ್ತು. ಮುಳ್ಳು ಎಳ್ಕಳಿ” ಎಂದಳು.

ಮಾರ್ಚ್ ಕೊನೆಯ ಬಿಸಿಲು. ಹಳಿಯ ಜಲ್ಲಿಕಲ್ಲು ಕೆಂಡದಂತೆ ಕಾದಿತ್ತು. ಹೆಗಲು ಬದಲಿಸುತ್ತಾ, ಹಳ್ಳದಲ್ಲಿ ಜಾರುತ್ತಾ ಹೊತ್ತರು. ಅಯ್ಯನವರು ಹೆಗಲು ಬಿಟ್ಟುಕೊಡಲೇ ಇಲ್ಲ. ನಿಲುವಂಗಿ ಬೆವರಲ್ಲಿ ನೆಂದು ಬೆನ್ನಿಗೆ ಅಂಟಿತ್ತು. ಯಾರೋ ಒಬ್ಬಳು ದಾನಮ್ಮನ ತೋಳು ಹಿಡಿದು ನಡೆಸುತ್ತಿದ್ದಳು, ಸುಗ್ಗಿ ಹಬ್ಬದ ದಿನ ಸರಿದು ಕೂತವಳೇ. ಹೊತ್ತು ಇಳಿಯುವಾಗ ಯಾಕೋಬನನ್ನು ಮಗಳ ಪಕ್ಕದಲ್ಲಿ ಮಣ್ಣು ಮಾಡಿದೆವು. ದಾನಮ್ಮ ಹಿಡಿ ಮಣ್ಣು ಹಾಕಿ, ಕೈ ಒರೆಸಿಕೊಳ್ಳದೆ ಹಾಗೇ ಕೂತುಬಿಟ್ಟಳು.

ಮುಂದಿನ ತಿಂಗಳ ಭೋಜನದ ಭಾನುವಾರ ಬಂತು. ದಾನಮ್ಮ ಬಂದಳು, ಆದರೆ ಎಲ್ಲರೂ ಮುಂದೆ ಹೋದಾಗ ಏಳಲಿಲ್ಲ. ಅಯ್ಯನವರು ಯಾರಿಗೂ ಕೊಡುವ ಮೊದಲು ತಟ್ಟೆ ಹಿಡಿದುಕೊಂಡು ಅವಳು ಕೂತಲ್ಲಿಗೇ ನಡೆದು ಬಂದರು. ಅವರು ಹಾಗೆ ಬಂದಿದ್ದನ್ನು ಅದುವರೆಗೆ ಯಾರೂ ಕಂಡಿರಲಿಲ್ಲ. ಬಗ್ಗಿ, “ತಗೋ ದಾನಮ್ಮ” ಎಂದರು.

ದಾನಮ್ಮ ಕೈ ಚಾಚಲಿಲ್ಲ.

“ಒಂದ್ ಮಾತು ಹೇಳಿ ಅಯ್ಯನವ್ರೆ. ನಾನು ಮಾಡಿದ್ದು ಪಾಪವೋ, ಅಲ್ವೋ? ಪಾಪ ಆಗಿದ್ರೆ ಇವತ್ತೂ ಪಾಪಾನೇ, ಕೊಡಬ್ಯಾಡಿ. ಪಾಪ ಅಲ್ದಿದ್ರೆ ಆವತ್ತು ನನ್ನ ಗಂಡ ಯಾಕೆ ಹಸ್ಕಂಡು ಹೋದ?”

ಅಯ್ಯನವರು ಹೌದೆನ್ನಬಹುದಿತ್ತು, ಅಲ್ಲವೆನ್ನಬಹುದಿತ್ತು. ಎರಡರಲ್ಲಿ ಯಾವುದು ಹೇಳಿದರೂ ನಂಬುವ ಜನ ಅಲ್ಲಿದ್ದರು. ಅವರು ಅವಳ ಮುಖವನ್ನೇ ನೋಡುತ್ತಾ ನಿಂತು ಕೊನೆಗೆ, “ನನಗೆ ಗೊತ್ತಿಲ್ಲಮ್ಮ” ಎಂದರು.

“ಗೊತ್ತಾದ್ ದಿನ ಬನ್ನಿ. ಮನೇಲೇ ಇರ್ತೀನಿ” ಎಂದು ದಾನಮ್ಮ ಎದ್ದು ಹೋದಳು.

ಅಯ್ಯನವರು ಹಿಂದಿರುಗಿ ಹೋಗಿ ನಮಗೆಲ್ಲ ರೊಟ್ಟಿ ಕೊಟ್ಟರು. ತಾವು ತೆಗೆದುಕೊಳ್ಳಲಿಲ್ಲ. ಆ ಬೇಸಿಗೆಯ ಕೊನೆಗೆ ನನಗೆ ವರ್ಗವಾಗುವವರೆಗೂ ಅವರು ಒಮ್ಮೆಯೂ ತೆಗೆದುಕೊಂಡಿದ್ದನ್ನು ನಾನು ನೋಡಲಿಲ್ಲ.